ಡ್ವೈಟ್ ಬಿಟ್ಟುಹೋದ ಇಂಜಿನ್

ಗ್ಯಾರೇಜಿನ ಶೆಲ್ಫಿನ ಮೇಲಿನ ಕಾಫಿ ಡಬ್ಬಿಯೊಳಗೆ ಮೊಳೆಗಳು ಕುಣಿಯುತ್ತಿವೆ, ಸದ್ದೇ ಇಲ್ಲ, ಅಥವಾ ಸದ್ದಿದೆ, ಇಂಜಿನ್ನಿನ ಅಬ್ಬರ ಅದನ್ನು ನುಂಗಿಹಾಕಿದೆ, ಡಬ್ಬಿ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಅಂಚಿಗೆ ಸರಿಯುತ್ತಿದೆ, ಬಿದ್ದರೆ ಬೀಳಲಿ, ಎಲ್ಡನ್ ಕೈ ಬಿಡುವ ಹಾಗಿಲ್ಲ, ತೆರೆದ ಬಾನೆಟ್ಟಿನ ಕೆಳಗೆ ಬಗ್ಗಿಕೊಂಡು ಬಲಗೈಯ ಎರಡು ಬೆರಳಿನಲ್ಲಿ ಕಾರ್ಬೊರೇಟರಿನ ಪಕ್ಕದ ಪುಟ್ಟ ಲಿವರನ್ನು ಎಳೆದು ಹಿಡಿದಿದ್ದಾನೆ, ಇಂಜಿನ್ನಿನ ಸುತ್ತು ಎಣಿಸುವ ಮೀಟರಿನ ಮುಳ್ಳು ಎರಡು ಸಾವಿರದಿಂದ ಕೆಳಗಿಳಿಯಬಾರದು, ಇಪ್ಪತ್ತು ನಿಮಿಷ, ಅಂದಿದ್ದಳು ಟ್ರೂಡಿ, ಇಪ್ಪತ್ತು ನಿಮಿಷ ಮೂಗು ತುರಿಸಿದರೂ ಸರಿ ಕೈ ತೆಗೀಬೇಡ ಎಲ್ಡನ್, ಮತ್ತು ಈಗ ನಿಜವಾಗಿಯೂ ಮೂಗು ತುರಿಸುತ್ತಿದೆ, ಅದಿರಲಿ, ಅದಲ್ಲ ವಿಷಯ — ಅವಳು ಏನಂದಳು? ಈಗತಾನೆ ಅಡುಗೆಮನೆ ಕಡೆಯ ಬಾಗಿಲಲ್ಲಿ ಬಂದು ನಿಂತಳು, ಬಾಯಿ ತೆರೆದಳು, ಏನೋ ಅಂದಳು, ಅವನು ಹೂಂ ಎಂದು ತಲೆಯಾಡಿಸಿದ, ಯಾಕೆ ಆಡಿಸಿದನೋ, ಒಂದಕ್ಷರ ಕೇಳಿರಲಿಲ್ಲ, ಕ್ಷೌರದಂಗಡಿಯ ಅಭ್ಯಾಸ ಅದು, ಕುರ್ಚಿಯಲ್ಲಿ ಕೂತವನು ಏನೇ ಹೇಳಲಿ, ಕೇಳಲಿ ಬಿಡಲಿ, ಕತ್ತರಿ ಆಡಿಸುತ್ತಾ ತಲೆಯಾಡಿಸಿಬಿಡುವುದು, ಇಷ್ಟು ವರ್ಷ ಹಾಗೇ ನಡೆದಿದೆ. ಅವಳು ತಿರುಗಿ ಹೋಗಿಯೇಬಿಟ್ಟಳು. ಕಿವಿಯಲ್ಲಿ ಹತ್ತಿ, ಸೈಲೆನ್ಸರ್ ಇನ್ನೂ ಹಾಕಿಲ್ಲ, ಎಂಟು ಸಿಲಿಂಡರಿನ ಬೆಂಕಿ ನೇರವಾಗಿ ಹೊರಗೆ, ಎದೆಯೊಳಗಿನ ಮೂಳೆ ನಡುಗುತ್ತಿದೆ, ಅವಳ ತುಟಿ ಮಾತ್ರ ಕಂಡಿತು, ತುಟಿ ಕೂಡಿತು, ತೆರೆಯಿತು, ಮತ್ತೆ ಕೂಡಿತು, ತೆರೆಯಿತು. ಅಮ್ಮ ಬಂದ್ಲು. ಅಷ್ಟೇ ಇರಬೇಕು. ಇಲ್ಲವೇ ಅಪ್ಪ ಬಂದ. ಅಮ್ಮ ಅಂದರೂ ಅಪ್ಪ ಅಂದರೂ ತುಟಿಗೆ ಒಂದೇ ಕೆಲಸ, ಅವನು ಈಗ ಇಂಜಿನ್ನಿನ ಮುಖಕ್ಕೆ ಎರಡನ್ನೂ ಅಂದು ನೋಡುತ್ತಾನೆ, ಅಮ್ಮ, ಅಪ್ಪ, ಒಂದೇ. ಅಥವಾ ಮೂರನೆಯದು, ಅದು ಹೇಗೆ ಹೊಳೆಯಿತೋ, ಹೊಳೆಯಬಾರದಿತ್ತು — ಅಪ್ಪ, ಬಾ.

ಅವನನ್ನು ಅವಳು ಯಾವತ್ತೂ ಅಪ್ಪ ಅಂದವಳಲ್ಲ, ಎಲ್ಡನ್ ಅನ್ನುತ್ತಾಳೆ, ಅವನ ಮತ್ತು ಲವೋನಳ ಮದುವೆಯ ದಿನ ಚರ್ಚಿನ ನೆಲಮಾಳಿಗೆಯಲ್ಲಿ ಕೇಕಿನ ತಟ್ಟೆ ಹಿಡಿದುಕೊಂಡು ಲವೋನ್ ಮಗಳನ್ನು ಕೇಳಿದ್ದಳು, ಇವರನ್ನ ಇನ್ಮೇಲೆ ಏನಂತ ಕರೀತೀಯ ಪುಟ್ಟಿ, ಹುಡುಗಿ ಅವನನ್ನು ಬೂಟಿನಿಂದ ಕ್ರಾಪಿನವರೆಗೆ ನೋಡಿ, ಇವರ ಹೆಸರೇನು, ಎಂದು ಕೇಳಿದಳು, ಎಲ್ಡನ್, ಹಾಗಾದ್ರೆ ಎಲ್ಡನ್ ಅಂತೀನಿ, ಎಲ್ಲರೂ ನಕ್ಕರು, ಅವನೂ ನಕ್ಕ, ಸರಿಯಾಗಿಯೇ ಇತ್ತು ಅದು, ಅಪ್ಪ ಅನ್ನುವ ಮಾತು ಇನ್ನೊಬ್ಬನದು, ಬಿಟ್ಟುಹೋದವನದಾದರೂ ಅವನದೇ, ಈ ಕಾರಿನ ಹಾಗೆ. ಈ ಕಾರೂ ಡ್ವೈಟನದೇ. ಅರವತ್ತೊಂಬತ್ತರ ಪಾಂಟಿಯಾಕ್, ಕಡುನೀಲಿ, ಊರಲ್ಲಿ ಇದರ ಮುಂದೆ ನಿಲ್ಲುವ ಕಾರಿರಲಿಲ್ಲ ಎಂದು ಡ್ವೈಟೇ ಹೇಳುತ್ತಿದ್ದ, ಎಲ್ಡನ್ನನ ಕುರ್ಚಿಯಲ್ಲೇ ಕೂತು, ಶನಿವಾರದ ಗಿರಾಕಿ ಅವನು, ಕುತ್ತಿಗೆಗೆ ಬಟ್ಟೆ ಕಟ್ಟಿದ ಕೂಡಲೇ ಬಾಯಿ ಶುರು, ಸೇತುವೆ ದಾಟುವಾಗ ಪೊಲೀಸಿನವನನ್ನು ಹಿಂದೆ ಹಾಕಿದ್ದು, ನನ್ನ ಹೆಂಡತಿ ಹಾಗೆ ನನ್ನ ಹೆಂಡತಿ ಹೀಗೆ, ಲವೋನಳನ್ನು ನೋಡುವ ಮುಂಚೆಯೇ ಅವಳು ಮೊಟ್ಟೆ ಹೇಗೆ ಬೇಯಿಸುತ್ತಾಳೆಂದು ಎಲ್ಡನ್ನನಿಗೆ ಗೊತ್ತಿತ್ತು, ಡ್ವೈಟನ ನೆತ್ತಿಯ ಮೇಲಿನ ಎರಡು ಸುಳಿ ಗೊತ್ತಿತ್ತು, ಎರಡೂ ಎದುರು ದಿಕ್ಕಿಗೆ ತಿರುಗಿದವು, ಯಾವ ಎಣ್ಣೆಗೂ ಬಗ್ಗದವು. ಆಮೇಲೆ ಇಂಜಿನ್ ಒಳಗೆ ಏನೋ ಕುಟ್ಟತೊಡಗಿತು, ಅದೇ ವಾರ ಟೆಕ್ಸಸ್ಸಿನ ಎಣ್ಣೆ ಬಾವಿಯಲ್ಲಿ ಕೆಲಸ ಸಿಕ್ಕಿತು, ಬಂದು ಸರಿ ಮಾಡ್ತೀನಿ, ಯಾರೂ ಮುಟ್ಟಬೇಡಿ, ಎಂದು ಟಾರ್ಪಾಲು ಹೊದಿಸಿ ಹೋದವನು ಬರಲಿಲ್ಲ. ಯಾರೂ ಮುಟ್ಟಲಿಲ್ಲ. ಲವೋನಳ ಮನೆಗೆ ಎಲ್ಡನ್ ಬಂದ, ಅವನ ಚಪ್ಪಲಿ ಬಂತು, ಕ್ಷೌರದ ಕತ್ತಿಗಳು ಬಂದವು, ಅವನ ಬಡಪಾಯಿ ಸ್ಟೇಷನ್ ವ್ಯಾಗನ್ ಮಾತ್ರ ಪ್ರತಿ ಚಳಿಗಾಲವೂ ಅಂಗಳದಲ್ಲಿ ಹಿಮದಡಿ ಮಲಗಿತು, ಬೆಳಿಗ್ಗೆ ಎದ್ದು ಸಲಿಕೆ ಹಿಡಿದು ತನ್ನ ಕಾರನ್ನು ಅಗೆದು ತೆಗೆಯುವುದು, ಒಳಗೆ ಇನ್ನೊಬ್ಬನ ಕಾರು ಬೆಚ್ಚಗೆ, ಅದರ ಬಗ್ಗೆ ಅವನೂ ಆಡಲಿಲ್ಲ ಲವೋನಳೂ ಆಡಲಿಲ್ಲ, ಯಾಕೆ ಆಡಲಿಲ್ಲ? ಮುಳ್ಳು. ಮುಳ್ಳು ಇದೆ, ಎರಡು ಸಾವಿರದ ಮೇಲೇ ಇದೆ. ಬೆರಳು ಜೋಮು ಹಿಡಿಯುತ್ತಿದೆ.

ಹೋದ ಶರತ್ಕಾಲದಲ್ಲಿ ಟ್ರೂಡಿಯೇ ಬಂದು ಕೇಳಿದ್ದು, ಎಲ್ಡನ್, ಇದನ್ನ ಎಬ್ಬಿಸೋಣ್ವಾ, ಇಪ್ಪತ್ತೆರಡರ ಹುಡುಗಿ, ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ, ಸಂಜೆ ಕಾಲೇಜಿನಲ್ಲಿ ಇಂಜಿನ್ ರಿಪೇರಿಯ ಪಾಠ, ಅಂತಿಂಥ ರಿಪೇರಿ ಅಲ್ಲ, ಹಳೇದಕ್ಕಿಂತ ಜೋರಾಗಬೇಕು, ಅವನ ಕಾಲದಲ್ಲಿ ಓಡ್ತಿತ್ತಲ್ಲ ಅದಕ್ಕಿಂತ ಜೋರು, ಅವನ ಅಂದಳು, ಅಪ್ಪನ ಅನ್ನಲಿಲ್ಲ, ಅಥವಾ ಅಪ್ಪನ ಅಂದಳೋ? ಆಗ ಗಮನಿಸಲಿಲ್ಲ, ಈಗ ಗಮನಿಸಬೇಕೆನಿಸುತ್ತಿದೆ, ಈಗ ಏನು ಪ್ರಯೋಜನ. ನಂಗೆ ತಲೆ ಕೂದಲು ಬಿಟ್ಟು ಬೇರೆ ಗೊತ್ತಿಲ್ಲ ಕಣೇ, ಅಂದಿದ್ದ ಅವನು, ನಿನ್ನ ಕೈ ನಡುಗಲ್ಲ, ಅಷ್ಟು ಸಾಕು, ಅಂದಳು. ಚಳಿಗಾಲವಿಡೀ ಇಬ್ಬರೂ ಹೊಟ್ಟೆ ಬಗೆದ ಈ ಯಂತ್ರದ ಮುಂದೆ, ಸಿಲಿಂಡರುಗಳನ್ನು ಕೊರೆಸಿ ಅಗಲ ಮಾಡಿಸಿದ್ದು, ದೊಡ್ಡ ಪಿಸ್ಟನ್ ಕೂರಿಸಿದ್ದು, ನಾಲ್ಕು ಬಾಯಿಯ ಕಾರ್ಬೊರೇಟರ್, ಮತ್ತು ಕ್ಯಾಮ್ — ಉಬ್ಬುಗಳಿರುವ ಉದ್ದನೆಯ ಉಕ್ಕಿನ ದಂಡ, ಅದು ತಿರುಗಿದಂತೆ ವಾಲ್ವುಗಳು ತೆರೆದು ಮುಚ್ಚುವುದು, ಹಳೆಯದಕ್ಕಿಂತ ಎತ್ತರದ ಉಬ್ಬು, ಇಂಜಿನ್ನಿನ ಗುಣವೆಲ್ಲ ಇದ್ರಲ್ಲೇ ಇರೋದು, ಎಂದು ಅವನ ಅಂಗೈಯಲ್ಲಿ ಇಟ್ಟಿದ್ದಳು, ಮಗುವನ್ನು ಇಟ್ಟ ಹಾಗೆ. ಹೊಸ ಕತ್ತಿಗೆ ಚರ್ಮದ ಮೇಲೆ ಸಾಣೆ ಹಿಡೀತೀಯಲ್ಲ, ಹಾಗೇನೇ ಇದು, ಮೊದಲ ಇಪ್ಪತ್ತು ನಿಮಿಷ ಜೋರಾಗಿ ತಿರುಗ್ತಾ ಇದ್ರೆ ಎಣ್ಣೆ ಚಿಮ್ಮಿ ಹದ ಆಗುತ್ತೆ, ನಿಧಾನ ಆದ್ರೆ ಉಬ್ಬು ಸವೆದು ಹಾಳಾಗುತ್ತೆ. ಹಾಳಾಯಿತು. ಮೊದಲ ಕ್ಯಾಮ್ ಹೋದ ತಿಂಗಳು ಹಾಳಾಯಿತು, ಲಿವರನ್ನು ಸ್ಕ್ರೂ ಬಿಗಿದು ನಿಲ್ಲಿಸಿದ್ದರು, ಟ್ರೂಡಿ ಪೆಟ್ರೋಲು ತರಲು ಹೋಗಿದ್ದಳು, ಫೋನ್ ಬಡಿದುಕೊಂಡಿತು, ಒಂದೇ ನಿಮಿಷ ಎಂದು ಅವನು ಒಳಗೆ ಹೋದ, ಲವೋನ್ ಇದಾಳಾ, ಅಂದಿತು ಫೋನು, ಧ್ವನಿ ಗುರುತು ಸಿಗಲಿಲ್ಲ, ಆಮೇಲೆ ಸಿಕ್ಕಿತು, ಡ್ವೈಟ್, ಅಮ್ಮಂಗೆ ಹುಷಾರಿಲ್ಲ, ಇನ್ನು ಜಾಸ್ತಿ ದಿನ ಇಲ್ಲ ಅಂತಿದಾರೆ, ನಾನು ಊರಿಗೆ ಬರ್ತಿದೀನಿ, ಮತ್ತೆ ಕಾರು ಇದೆಯಾ ಇನ್ನೂ? ಇದೆ, ಅಂದ ಎಲ್ಡನ್. ಅಷ್ಟರಲ್ಲಿ ಸ್ಕ್ರೂ ಅದುರಿ ಅದುರಿ ಸಡಿಲಾಗಿತ್ತು, ಇಂಜಿನ್ ಮೆಲ್ಲಗೆ ಗೊರಗೊರ ಅನ್ನುತ್ತಿತ್ತು, ಟ್ರೂಡಿ ಬಂದಳು, ನಿಲ್ಲಿಸಿದಳು, ಎಣ್ಣೆ ಬಸಿದಳು, ಅಂಗೈ ಮೇಲೆ ಹಾಕಿ ಬೆಳಕಿಗೆ ಹಿಡಿದಳು, ಮಿನುಗು, ಬೆಳ್ಳಿ ಪುಡಿಯ ಹಾಗೆ ಉಕ್ಕಿನ ಮಿನುಗು, ಒಂದು ಮಾತು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ಮೂರು ದಿನ ಊಟದ ಮೇಜಿನಲ್ಲಿ ಉಪ್ಪು ಕೊಡು ಅನ್ನುವುದನ್ನೂ ಅಮ್ಮನ ಮೂಲಕವೇ ಕೇಳಿದಳು. ಅದಕ್ಕೇ ಈ ಸಲ ಸ್ಕ್ರೂ ಬೇಡ, ನಾನೇ ಹಿಡೀತೀನಿ ಅಂದ, ತಾನಾಗಿಯೇ ಅಂದ.

ಡ್ವೈಟನ ತಾಯಿಯನ್ನು ನಿನ್ನೆ ಮಣ್ಣು ಮಾಡಿದರು. ಲವೋನ್ ಹೋಗಿದ್ದಳು, ಬರುವಾಗ ಚರ್ಚಿನಿಂದ ಹಂದಿಮಾಂಸದ ಹ್ಯಾಮಿನ ತುಂಡುಗಳನ್ನು ತಗಡಿನ ಕಾಗದದಲ್ಲಿ ಸುತ್ತಿ ತಂದಳು, ಇವತ್ತು ಬೆಳಿಗ್ಗೆ ಕೋಟು ಹಾಕಿಕೊಂಡು, ಅವನು ತಿಂಡಿಗೆ ಕರೆದಿದಾನೆ, ಸೇತುವೆ ಹತ್ತಿರದ ಹೋಟೆಲಿಗೆ, ಕಾರಿನ ವಿಷಯ ಮಾತಾಡಬೇಕಂತೆ, ಹೋಗ್ಲಾ? ಅಂದಳು. ಹೋಗು ಅಂದ. ಲಿಪ್‌ಸ್ಟಿಕ್ ಹಚ್ಚಿದ್ದಳು, ಸಾವಿನ ಮನೆಗೂ ಹಚ್ಚಿದ್ದಳೇ? ನೆನಪಿಲ್ಲ, ಯಾಕೆ ನೆನಪಾಗಬೇಕು. ಹಾಗಾದರೆ ಅಮ್ಮ ಬಂದ್ಲು — ಲವೋನ್ ತಿಂಡಿ ಮುಗಿಸಿ ಮನೆಗೆ ಬಂದಳು, ಒಳ್ಳೆಯದು. ಅಪ್ಪ ಬಂದ — ಡ್ವೈಟ್ ಕಾರು ಒಯ್ಯಲು ಬಂದ. ಅಪ್ಪ, ಬಾ — ಬಾ ಎಲ್ಲಿಗೆ? ಕೈ ಬಿಡಬೇಡ ಅಂದವಳು ಬಾ ಎಂದು ಯಾಕೆ ಕರೆಯುತ್ತಾಳೆ, ಅಷ್ಟೂ ತಿಳಿಯುವುದಿಲ್ಲವೇ, ಆದರೂ ಜನ ಗಾಬರಿಯಲ್ಲಿ ಏನೇನೋ ಅಂದುಬಿಡುತ್ತಾರೆ. ರಸ್ತೆ ಕಡೆಯ ದೊಡ್ಡ ಬಾಗಿಲು ಅರ್ಧಕ್ಕೇ ಸಿಕ್ಕಿಕೊಂಡಿದೆ, ಹಿಮ ಬಿದ್ದಾಗಿನಿಂದ ಹಾಗೇ, ಸೊಂಟದವರೆಗೆ ಏಳುತ್ತದೆ, ಮೇಲೆ ಹೋಗುವುದಿಲ್ಲ, ಅದರಡಿಯಿಂದ ಹೊಗೆ ಹೊರಗೆ, ಬೆಳಕು ಒಳಗೆ, ಈಗ ಆ ಬೆಳಕಿನಲ್ಲಿ ಕಾಲುಗಳು ಬಂದವು. ಲವೋನಳ ಕಂದು ಚಪ್ಪಲಿ, ಬಂದಳು, ದೇವರೇ ಬಂದಳು. ಟ್ರೂಡಿಯ ಎಣ್ಣೆ ಹಿಡಿದ ಬೂಟು. ಆಮೇಲೆ ಕಪ್ಪು ಬೂಟು, ಚೂಪು ಮೂತಿಯದು, ಹೊಸದು, ಅಂಚಿಗೆ ಒಣಗಿದ ಕೆಸರು, ಸ್ಮಶಾನದ್ದೇ ಇರಬೇಕು, ಮೂವತ್ತು ಸಲ ಆ ತಲೆಗೆ ಕತ್ತರಿ ಹಾಕಿದ್ದಾನೆ, ಕಾಲು ಹೇಗಿತ್ತೆಂದು ನೋಡಿಯೇ ಇರಲಿಲ್ಲ. ಕಪ್ಪು ಬೂಟು ಬಾಗಿಲ ಕಡೆ ಬರುತ್ತದೆ, ಎಣ್ಣೆ ಬೂಟು ಅಡ್ಡ ನಿಲ್ಲುತ್ತದೆ, ಕಪ್ಪು ಬೂಟು ಎಡಕ್ಕೆ, ಎಣ್ಣೆ ಬೂಟು ಎಡಕ್ಕೆ, ಅವಳು ಕೂಗುತ್ತಿದ್ದಾಳೆ, ಕೂಗುತ್ತಿರಲೇಬೇಕು, ಹಿಮ್ಮಡಿ ನೆಲಕ್ಕೆ ಅಪ್ಪಳಿಸುತ್ತಿದೆ, ಏನೆಂದು ಕೂಗುತ್ತಿದ್ದಾಳೆ, ಕಾರು ನಂದು ಅನ್ನುತ್ತಿದ್ದಾಳೋ, ಇಷ್ಟು ದಿನ ಎಲ್ಲಿದ್ದೆ ಅನ್ನುತ್ತಿದ್ದಾಳೋ, ಹೋಗಬೇಡ ಅನ್ನುತ್ತಿದ್ದಾಳೋ, ಕಾಲು ನೋಡಿ ಏನು ಹೇಳುವುದು, ಕೈ ಬಿಟ್ಟು ಬಗ್ಗಿ ನೋಡಿದರೆ ಮುಖ ಕಂಡೀತು, ತಾನು ಕಟ್ಟಿಹಾಕಿದ ನಾಯಿಯ ಹಾಗೆ ಇಲ್ಲಿ, ಎರಡು ಬೆರಳಿಗೆ ಸಿಕ್ಕಿಬಿದ್ದು. ಕಂದು ಚಪ್ಪಲಿ ದೂರ ನಿಂತಿತ್ತು, ಈಗ ನಡೆದು ಬರುತ್ತದೆ, ಕಪ್ಪು ಬೂಟಿನ ಎದುರು ನಿಲ್ಲುತ್ತದೆ, ಹತ್ತಿರ, ಇನ್ನೂ ಹತ್ತಿರ, ಚಪ್ಪಲಿಯ ಹಿಮ್ಮಡಿ ಮೇಲೆದ್ದಿತು, ತುದಿಗಾಲಲ್ಲಿ ನಿಂತಿದ್ದಾಳೆ ಲವೋನ್, ಗಿಡ್ಡ ಹೆಂಗಸು, ಡ್ವೈಟನ ಕೆನ್ನೆಗೆ ಬಾರಿಸಬೇಕಾದರೂ ತುದಿಗಾಲಲ್ಲೇ ನಿಲ್ಲಬೇಕು, ಅಪ್ಪಿಕೊಳ್ಳಬೇಕಾದರೂ. ಯಾವುದು? ಯಾವುದೇ ಆಗಲಿ ಇಷ್ಟು ಹೊತ್ತು ಯಾಕೆ? ಹಿಮ್ಮಡಿ ಇನ್ನೂ ಮೇಲೇ ಇದೆ. ಇಳಿಯಿತು. ಯಾರೂ ಅಲುಗುತ್ತಿಲ್ಲ. ನಂಗೆ ಹೊಟ್ಟೆಕಿಚ್ಚಾ, ಎಂದು ಎಲ್ಡನ್ ಕೇಳಿಕೊಳ್ಳುತ್ತಾನೆ, ಹೊಟ್ಟೆಕಿಚ್ಚಲ್ಲ, ಅದಕ್ಕಿಂತ ಪೆದ್ದು ಏನೋ, ಅವರೆಲ್ಲ ಒಂದು ಮನೆಯವರು, ತಾನು ಇಂಜಿನ್ ಹಿಡಿದುಕೊಳ್ಳಲು ಬಂದವನು ಅನ್ನಿಸುತ್ತಿದೆ, ಹಿಡಿದುಕೊಂಡು ಮುಗಿದ ಮೇಲೆ ಕೈ ಒರೆಸಿಕೊಂಡು ಹೋಗಬೇಕಾದವನು.

ಕಪ್ಪು ಬೂಟು ಬಾಗಿತು, ಮೊಣಕಾಲು ಬಂತು, ಬಾಗಿಲಡಿ ತಲೆ ನುಸುಳಿತು, ಡ್ವೈಟ್ ಗ್ಯಾರೇಜಿನೊಳಗೆ ಎದ್ದು ನಿಂತ, ಮತ್ತು ಕೂದಲಿಲ್ಲ. ಒಂದೂ ಇಲ್ಲ. ಆ ಎರಡು ಸುಳಿ ಎಲ್ಲಿ, ಎಂದು ಮೊದಲು ಅದನ್ನೇ ಹುಡುಕಿದ ಎಲ್ಡನ್, ನುಣ್ಣನೆಯ ನೆತ್ತಿ, ಟೆಕ್ಸಸ್ಸಿನ ಬಿಸಿಲಿಗೆ ಕಂದಿದೆ, ಕೆಳಗೆ ಸಾವಿನ ಮನೆಯ ಕೋಟು, ಕಣ್ಣು ಊದಿದೆ, ಇವನೇನಾ ಪೊಲೀಸಿನವನನ್ನು ಹಿಂದೆ ಹಾಕಿದವನು, ಇವನಿಗಾಗಿಯೇ ಇಷ್ಟು ವರ್ಷ ವ್ಯಾಗನ್ ಹಿಮದಲ್ಲಿ ನಿಂತಿದ್ದು? ಡ್ವೈಟ್ ಬಂದು ಬಾನೆಟ್ಟಿನ ಆಚೆ ಬದಿಗೆ ನಿಂತ, ಕಾರಿನ ಮೈಮೇಲೆ ಅಂಗೈ ಊರಿದ, ಕುದುರೆಯ ಕತ್ತು ಮುಟ್ಟುವ ಹಾಗೆ, ಅದುರು ಅವನ ತೋಳಿಗೂ ಹತ್ತಿತು, ಕೋಟಿನ ತೋಳು ನಡುಗುವುದು ಕಾಣುತ್ತಿದೆ, ಇಬ್ಬರ ಮಧ್ಯೆ ಇಷ್ಟು ಸದ್ದು, ಡ್ವೈಟ್ ಬಾಯಿ ತೆರೆದ, ಏನೋ ಅಂದ, ಚಿಕ್ಕ ಮಾತು, ತುಟಿ ಕೂಡಲೇ ಇಲ್ಲ, ಹಿಡಿಯಲು ಅಲ್ಲಿ ಏನೂ ಇಲ್ಲ, ಮತ್ತು ಎಲ್ಡನ್ ತಲೆಯಾಡಿಸಿದ. ಹೂಂ ಎಂದು. ಅಯ್ಯೋ. ಯಾವುದಕ್ಕೆ ಹೂಂ ಅಂದೆ? ಕಾರು ಒಯ್ಯಲಾ ಅಂದನೇ, ಅವಳನ್ನ ಕರ್ಕೊಂಡು ಹೋಗ್ಲಾ ಅಂದನೇ, ಚೆನ್ನಾಗಿದೀಯಾ ಅಂದನೇ, ಡ್ವೈಟ್ ಕೈ ಚಾಚಿದ, ಬಾನೆಟ್ಟಿನಡಿ ಉದ್ದಕ್ಕೆ, ಎಲ್ಡನ್ನನ ಬೆರಳಿನ ಹತ್ತಿರಕ್ಕೆ, ಕೊಡು ಅನ್ನುವ ಹಾಗೆ, ಬೆರಳುಗಳು ಕಾದಿವೆ. ಕೊಡಬೇಕು. ಅವನ ಕಾರು, ಅವನ ಇಂಜಿನ್, ತಾಯಿ ಸತ್ತ ಮನುಷ್ಯ, ಯಾವ ಮುಖ ಇಟ್ಟುಕೊಂಡು ಕೊಡುವುದಿಲ್ಲ ಅನ್ನಲಿ, ಅನ್ನುವುದಕ್ಕೆ ಕೇಳಿಸುವುದಾದರೂ ಎಲ್ಲಿ, ಕೊಟ್ಟರೆ ಇವನು ಹಿಡಿಯುತ್ತಾನೆಯೇ, ಎಷ್ಟು ಹೊತ್ತು ಹಿಡಿಯುತ್ತಾನೆ, ಬಿಟ್ಟುಹೋಗುವವನ ಕೈಗೆ, ಆದರೆ ಹೂಂ ಅಂದಾಗಿದೆ, ಬೆರಳು ಮರಗಟ್ಟಿದೆ, ಅದು ತನ್ನದೋ ಕಬ್ಬಿಣದ್ದೋ ತಿಳಿಯುತ್ತಿಲ್ಲ, ಜಾರುತ್ತಿದೆ, ತಾನು ಬಿಡುತ್ತಿದ್ದಾನೋ ಅದು ಜಾರುತ್ತಿದೆಯೋ, ಸದ್ದು ಇಳಿಯಿತು, ಮುಳ್ಳು ಇಳಿಯುತ್ತಿದೆ, ಇಳಿಯುತ್ತಿದೆ — ಹಿಂದಿನಿಂದ ಯಾರೋ ಬಂದರು, ಭುಜಕ್ಕೆ ಭುಜ ತಾಗಿತು, ಒಂದು ಕೈ ಅವನ ಕೈಯಡಿ ನುಗ್ಗಿತು, ತಣ್ಣನೆಯ ಬೆರಳುಗಳು ಅವನ ಬೆರಳಿನ ಕೆಳಗೆ ನುಸುಳಿ ಲಿವರನ್ನು ಹಿಡಿದವು, ಸದ್ದು ಏರಿತು. ಟ್ರೂಡಿ. ಅವನ ಕೈ ತೆಗೆಸಲಿಲ್ಲ, ಮೇಲೆ ಅವನದು, ಕೆಳಗೆ ಅವಳದು, ಡ್ವೈಟನ ಕಡೆ ನೋಡಲೂ ಇಲ್ಲ, ಮುಳ್ಳನ್ನೇ ನೋಡುತ್ತಿದ್ದಾಳೆ, ಬಗ್ಗಿದ ಅವಳ ನೆತ್ತಿಯ ಮೇಲೆ ಎರಡು ಸುಳಿ, ಎದುರು ಬದುರು ತಿರುಗಿದವು, ಕಣ್ಣ ಮುಂದೇ. ಡ್ವೈಟನ ಕೈ ಗಾಳಿಯಲ್ಲಿ ಸ್ವಲ್ಪ ಹೊತ್ತು ಇತ್ತು. ಆಮೇಲೆ ಕೋಟಿನ ಜೇಬಿಗೆ ಹೋಯಿತು. ಅವನು ಅಲ್ಲೇ ನಿಂತು ಕೇಳಿದ, ಇಂಜಿನ್ನನ್ನು, ಕಣ್ಣು ಮುಚ್ಚಿಕೊಂಡು, ಪ್ರಾರ್ಥನೆಗೆ ನಿಂತವನ ಹಾಗೆ, ಮತ್ತೆ ಬಗ್ಗಿ ಬಾಗಿಲಡಿ ನುಸುಳಿ ಹೊರಟ, ಕಪ್ಪು ಬೂಟುಗಳು ಅಂಗಳ ದಾಟಿದವು, ನಿಂತವು, ಒಮ್ಮೆ ಈ ಕಡೆ ತಿರುಗಿದವು, ಹೋದವು.

ಟ್ರೂಡಿ ಕೀಲಿ ತಿರುಗಿಸಿದಾಗ ಸದ್ದು ನಿಂತಿತೋ ಕಿವಿ ಸತ್ತಿತೋ, ತಲೆಯೊಳಗೆ ಸಾವಿರ ಜೀರುಂಡೆ, ಅವಳು ಕೆಳಗೆ ಮಲಗಿ ಎಣ್ಣೆ ಬಸಿದು ಅಂಗೈಗೆ ಹಾಕಿಕೊಂಡು ಬೆಳಕಿಗೆ ಹಿಡಿದಳು, ಕರಿ, ಬರೀ ಕರಿ, ಮಿನುಗಿಲ್ಲ, ಹದ ಆಯ್ತು ಎಲ್ಡನ್, ಅಂದಳು, ದೂರದ ಬಾವಿಯಿಂದ ಬಂದ ಹಾಗೆ ಬಂತು, ಆದರೆ ಬಂತು. ಲವೋನ್ ಅಡುಗೆಮನೆಯಲ್ಲಿ ಆ ಹ್ಯಾಮಿನ ತುಂಡುಗಳನ್ನು ಬಟಾಣಿ ಸೂಪಿಗೆ ಹಾಕಿ ಕುದಿಸಿದ್ದಳು, ಮೂವರೂ ಮೇಜಿಗೆ ಕೂತರು, ಎಲ್ಡನ್ನನ ಬೆರಳು ಚಮಚದ ಸುತ್ತ ಇನ್ನೂ ಕೊಕ್ಕೆಯಾಗೇ ಇತ್ತು, ಕಾರು ಮಾರೋಕೇ ಬಂದಿದ್ದ ಅವನು, ಅಂದಳು ಲವೋನ್, ಗಿರಾಕಿನೂ ನೋಡಿಟ್ಟಿದ್ದ, ಇವಳು ಅಂಗಳದಲ್ಲಿ ಕೂಗಿದ್ದು ಕೇಳಿ ಪಕ್ಕದ ಮನೆಯವರು ಪರದೆ ಸರಿಸಿದ್ರು. ನೀನು ತುದಿಗಾಲಲ್ಲಿ ನಿಂತಿದ್ದೆ, ಎಂದ ಎಲ್ಡನ್, ಅಂದುಬಿಟ್ಟ, ಲವೋನ್ ಚಮಚ ಇಟ್ಟಳು, ಅಪ್ಪಿಕೊಂಡೆ, ಅಂದಳು, ತಾಯಿ ಹೋಗಿದಾಳಲ್ಲ ಅವನಿಗೆ, ನಂಗೂ ಅತ್ತೆ ಆಗಿದ್ದವಳು, ಆಮೇಲೆ ಕಾರು ಕೊಡಲ್ಲ ಅಂತ ಅವನ ಕಿವೀಲೇ ಹೇಳ್ದೆ. ಅವನೇನಂದ? ಒಂದ್ಸಲ ಒಳಗೆ ಹೋಗಿ ನೋಡ್ಲಾ ಅಂದ, ಹೊರಗೆ ಬಂದು ಇವಳ ಹೆಸರಿಗೆ ಬರ್ದುಕೊಡ್ತೀನಿ ಅಂದ, ಬರೀತಾನೋ ಬಿಡ್ತಾನೋ. ಒಳಗೆ ನನ್ನ ಹತ್ರ ಏನೋ ಕೇಳ್ದ, ಎಂದ ಎಲ್ಡನ್, ನಾನು ಹೂಂ ಅಂದೆ, ಏನಂತ ಗೊತ್ತಿಲ್ಲ. ಟ್ರೂಡಿ ಬ್ರೆಡ್ಡು ಮುರಿಯುತ್ತಾ, ನಾನು ಅವನ ಬೆನ್ನಿಗೇ ಬಾಗಿಲಡಿ ನುಸುಳಿದ್ದೆ, ನನ್ನ ಕಿವೀಲಿ ಹತ್ತಿ ಇರ್ಲಿಲ್ಲ, ನಂಗೆ ಕೇಳಿಸ್ತು, ಒಂದು ಗಳಿಗೆ ನಾನು ಹಿಡೀಲಾ ಅಂತ ಕೇಳ್ದ, ಅಂದಳು. ನಂಗೆ ಕೇಳ್ಲಿಲ್ಲ. ಗೊತ್ತು, ಕೇಳ್ದೇ ಇದ್ದಾಗ್ಲೇ ನೀನು ಹಾಗೆ ತಲೆ ಆಡಿಸೋದು. ಅವಳಿಗೆ ಗೊತ್ತು, ಯಾವಾಗಿನಿಂದ ಗೊತ್ತು? ಮತ್ತೆ ಅದಕ್ಕೂ ಮುಂಚೆ, ಅಡುಗೆಮನೆ ಬಾಗಿಲಲ್ಲಿ ನಿಂತ್ಕೊಂಡು ಏನಂದೆ ನೀನು, ಎಂದು ಕೇಳಿದ, ಸೂಪನ್ನು ನೋಡುತ್ತಾ ಕೇಳಿದ. ಅಮ್ಮ ಬಂದ್ಲು ಅಂದೆ, ಅಂದಳು, ಯಾಕೆ, ನೀನೇನಂದ್ಕೊಂಡೆ? ಅದೇ, ಅಂದ ಎಲ್ಡನ್, ಅದೇ ಅಂದ್ಕೊಂಡೆ. ಸರಿ, ಅಮ್ಮ, ಅಮ್ಮ ಅಂದದ್ದು, ಹಾಗೇ ಇರಬೇಕಿತ್ತು, ಹಾಗಲ್ಲದೆ ಇನ್ನೇನು, ಒಳ್ಳೆಯದೇ ಆಯಿತು, ಸೂಪು ಬಿಸಿ ಇದೆ, ಉಪ್ಪು ಕೊಡು ಎಲ್ಡನ್, ಅನ್ನುತ್ತಿದ್ದಾಳೆ ಟ್ರೂಡಿ, ಅವನು ಉಪ್ಪು ಕೊಡುತ್ತಾನೆ, ಅವಳು ತೆಗೆದುಕೊಳ್ಳುವಾಗ ಅವಳ ಕೈ ಕಾಣುತ್ತದೆ, ಅಷ್ಟು ಸೋಪು ಹಾಕಿ ಉಜ್ಜಿದರೂ ಉಗುರಿನಂಚಿನ ಕರಿ ಹೋಗಿಲ್ಲ, ಕ್ಯಾಮ್ ಉಳಿಸಲು ಬಂದ ಕೈ, ಎರಡನೆಯದೂ ಹಾಳಾದೀತೆಂದು ಓಡಿಬಂದ ಕೈ, ಅಷ್ಟೇ ಇರಬಹುದು, ಇಂಜಿನ್ನಿಗಾಗಿ ಬಂದದ್ದು, ಆದರೆ ಆಚೆ ಸರಿ ಅನ್ನಬಹುದಿತ್ತು, ಅವನ ಕೈ ತಳ್ಳಿ ಹಿಡಿಯಬಹುದಿತ್ತು, ಮೇಲಿನಿಂದ ಹಿಡಿಯಬಹುದಿತ್ತು, ಕೆಳಗಿನಿಂದ ಬಂತು, ಮುಳ್ಳು ಇಳಿಯುತ್ತಿತ್ತು, ಇನ್ನೊಬ್ಬನ ಕೈ ಅಲ್ಲೇ ಕಾದಿತ್ತು, ಆಗ ಕೆಳಗಿನಿಂದ, ಲವೋನ್ ಏನೋ ಕೇಳುತ್ತಿದ್ದಾಳೆ, ಇನ್ನೊಂದು ಸ್ವಲ್ಪ ಹಾಕ್ಲಾ ಎಂದೇನೋ, ಅವನು ತಲೆಯಾಡಿಸುತ್ತಾನೆ, ಆ ಬೆರಳುಗಳು ಅವನ ಬೆರಳಿನ ಕೆಳಗೆ, ತಣ್ಣಗೆ, ಉಗುರಿನಂಚಿಗೆ ಕರಿ ಎಣ್ಣೆ, ನುಸುಳಿ — ಅವನ ಬೆರಳಿನ ಕೆಳಗೆ —